ಡೆಬಿಯನ್ ಸಂಕ್ರಮಣ ಮೀಮಾಂಸೆ

ಗಣಕ ಸುಸೂತ್ರವಾಗಿ ನಡೆಯುತ್ತಿರುವಾಗ ಗೃಹಸ್ಥನು ಅದನ್ನು ಮುಟ್ಟುವುದೇಕೆ? ಪೂರ್ವಸೂರಿಗಳಲ್ಲಿ ಯಾರೂ ಈ ಪ್ರಶ್ನೆಯನ್ನು ಬಿಡಿಸಿಲ್ಲ. ಮುಟ್ಟದವರಿಗೆ ಬರೆಯಲು ವಿಷಯವಿರಲಿಲ್ಲ; ಮುಟ್ಟಿದವರಿಗೆ ಪುರುಸೊತ್ತಿರಲಿಲ್ಲ. ಹೀಗೆ ಶಾಸ್ತ್ರದಲ್ಲಿ ಬಿದ್ದ ಮಹಾಕಂದಕವನ್ನು ತುಂಬಿಕೊಡುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ತುಂಬಿಕೊಡಿ ಎಂದು ಯಾರಾದರೂ ಕೇಳಿದ್ದರೇ ಎಂಬುದು ಸಂಶೋಧನೆಯ ವ್ಯಾಪ್ತಿಗೆ ಬರುವುದಿಲ್ಲ. ಬರುವುದಾದರೆ ನಾಡಿನ ಅರ್ಧದಷ್ಟು ಸಂಶೋಧನೆ ಈಗಲೇ ನಿಲ್ಲಬೇಕಾಗುತ್ತದೆ.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧ ಚತುಷ್ಟಯವನ್ನು ಮೊದಲೇ ಒಪ್ಪಿಸಬೇಕು. ವಿಷಯ: ಡೆಬಿಯನ್ ಎಂಬ ಸಮುದಾಯನಿರ್ಮಿತ ಕಾರ್ಯಾಚರಣ ವ್ಯವಸ್ಥೆಯ 12ನೆಯ ಆವೃತ್ತಿಯಾದ ಬುಕ್‌ವರ್ಮ್‌ನಿಂದ 13ನೆಯದಾದ ಟ್ರಿಕ್ಸಿಗೆ ದಾಟುವುದು. ಅಧಿಕಾರಿ: ರೂಟ್ ಪಾಸ್‌ವರ್ಡ್ ನೆನಪಿರುವವನು. ಸಂಬಂಧ: ಅವನಿಗೂ ಅವನ ಲ್ಯಾಪ್‌ಟಾಪಿಗೂ ಇರುವಂಥದ್ದು, ಮನೆಯ ಉಳಿದ ಸಂಬಂಧಗಳು ಆ ಒಂದು ಸಂಜೆಯ ಮಟ್ಟಿಗೆ ಅಮಾನತಿನಲ್ಲಿರುತ್ತವೆ. ಪ್ರಯೋಜನ: ಇದನ್ನು ಕೊನೆಗೆ ನೋಡೋಣ. ಈಗಲೇ ಹೇಳಿಬಿಟ್ಟರೆ ಓದುಗರು ಎದ್ದು ಹೋಗುವ ಸಂಭವವಿದೆ.

ವಂಶಾವಳಿ ಪ್ರಕರಣ

ಡೆಬಿಯನ್ನಿನ ಮೂಲಪುರುಷ ಇಯಾನ್ ಮರ್ಡಾಕ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1993ರ ಆಗಸ್ಟ್ 16ರಂದು, ಈತ ಹೊಸದೊಂದು ಲಿನಕ್ಸ್ ವಿತರಣೆಯನ್ನು ಘೋಷಿಸಿದ. ಗೆಳತಿ ಡೆಬ್ರಾಳ ಹೆಸರನ್ನು ಮುಂದಿಟ್ಟು, ತನ್ನದನ್ನು ಹಿಂದೆ ಹಚ್ಚಿ ಅದನ್ನು ಡೆಬಿಯನ್ ಎಂದು ಕರೆದ. ರಾಣಿಯ ಹೆಸರಿನಲ್ಲಿ ಕೆರೆ ಕಟ್ಟಿಸಿದ ಅರಸರು ನಮ್ಮ ಶಾಸನಗಳಲ್ಲಿ ಬೇಕಾದಷ್ಟು ಸಿಗುತ್ತಾರೆ. ತಮ್ಮ ಹೆಸರನ್ನು ಎರಡನೆಯ ಸ್ಥಾನಕ್ಕೆ ಇಳಿಸಿಕೊಂಡವರನ್ನು ಹುಡುಕಿಕೊಡುವ ವಿದ್ವಾಂಸರಿಗೆ ಪ್ರಬಂಧಕಾರನ ಸ್ವಂತ ಖರ್ಚಿನಲ್ಲಿ ಒಂದು ಲೋಟ ಕಾಫಿ ಉಂಟು.

ಅಲ್ಲಿಂದ ಮುಂದಿನ ವಂಶಾವಳಿ ಪೂರ್ತಿ ಆಟಿಕೆಗಳದು. 1996ರಲ್ಲಿ ಯೋಜನೆಯ ಮುಂದಾಳಾಗಿದ್ದ ಬ್ರೂಸ್ ಪೆರೆನ್ಸ್ ಹೊಟ್ಟೆಪಾಡಿಗೆ ದುಡಿಯುತ್ತಿದ್ದದ್ದು ಪಿಕ್ಸರ್ ಸಂಸ್ಥೆಯಲ್ಲಿ. ಪಿಕ್ಸರ್ ಅದರ ಹಿಂದಿನ ವರ್ಷವಷ್ಟೇ ಟಾಯ್ ಸ್ಟೋರಿ ಚಿತ್ರವನ್ನು ತೆರೆಗೆ ತಂದಿತ್ತು. ಅಂದಿನಿಂದ ಇಂದಿನವರೆಗೆ ಡೆಬಿಯನ್ನಿನ ಪ್ರತಿ ಆವೃತ್ತಿಗೂ ಆ ಚಿತ್ರಮಾಲೆಯ ಪಾತ್ರಗಳದ್ದೇ ಹೆಸರು. ಮೊದಲನೆಯವನು ಬಜ್, 1996. ಹ್ಯಾಮ್ ಎಂಬುವನು ಹಂದಿಯಾಕಾರದ ದುಡ್ಡಿನ ಹುಂಡಿ. ಪೊಟೇಟೊ ಆಲೂಗಡ್ಡೆ. ವೀಜಿ, ಪೀಪಿ ಕೆಟ್ಟ ಪೆಂಗ್ವಿನ್. ಬುಲ್ಸ್‌ಐ ಕುದುರೆ. ಬುಕ್‌ವರ್ಮ್ ಹುಳು. ಟ್ರಿಕ್ಸಿ ನೀಲಿ ಬಣ್ಣದ, ಮೂರು ಕೊಂಬಿನ ಡೈನೋಸಾರ್. ಜಗತ್ತಿನ ಲೆಕ್ಕವಿಲ್ಲದಷ್ಟು ಸರ್ವರ್‌ಗಳು ಈ ಆಟಿಕೆಗಳ ಆಳ್ವಿಕೆಯಲ್ಲಿ ನಡೆಯುತ್ತಿವೆ ಎಂಬುದನ್ನು ಗಂಭೀರ ಸ್ವಭಾವದ ಅಧಿಕಾರಿಗಳಿಗೆ ತಿಳಿಸದಿರುವುದು ಕ್ಷೇಮ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಲ್ಯಾಪ್‌ಟಾಪ್‌ಗಳನ್ನು ವಿಂಡೋಸ್‌ನಿಂದ ಡೆಬಿಯನ್ 6ಕ್ಕೆ ದಾಟಿಸುವ ಸುದ್ದಿ 2013ರಲ್ಲಿ ಬಂತು. ಆ ಆವೃತ್ತಿಯ ಹೆಸರು ಸ್ಕ್ವೀಜ್, ಅಂದರೆ ಚಿತ್ರದಲ್ಲಿ ಬರುವ ಮುಕ್ಕಣ್ಣಿನ ಅನ್ಯಗ್ರಹ ಜೀವಿಗಳು. ನಾಮಕರಣ ಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ವಂಶಾವಳಿಯಲ್ಲಿ ಒಬ್ಬ ಲುಪ್ತ ಅರಸನೂ ಇದ್ದಾನೆ. 1.0 ಎಂಬ ಆವೃತ್ತಿ ಎಲ್ಲಿಯೂ ಸಿಗುವುದಿಲ್ಲ. ಅದು ಗರ್ಭದಲ್ಲಿರುವಾಗಲೇ ಸಿ.ಡಿ. ಮಾರುವ ಸಂಸ್ಥೆಯೊಂದು ಅರೆಬೆಂದ ಪ್ರತಿಗೆ 1.0 ಎಂಬ ಚೀಟಿ ಅಂಟಿಸಿ ಮಾರಿಬಿಟ್ಟಿತು. ಜನ ಗೊಂದಲಕ್ಕೆ ಬೀಳದಿರಲೆಂದು ಯೋಜನೆಯವರು ಆ ಸಂಖ್ಯೆಯನ್ನೇ ಬಿಟ್ಟು 1.1ರಿಂದ ಪಟ್ಟಾಭಿಷೇಕ ಆರಂಭಿಸಿದರು. ಪಟ್ಟವೇ ಇಲ್ಲದ ಇನ್ನೊಬ್ಬನೂ ಇದ್ದಾನೆ: ಸಿಡ್. ಚಿತ್ರದಲ್ಲಿ ಇವನು ಆಟಿಕೆಗಳನ್ನು ಮುರಿದು ಹಾಕುವ ಪಕ್ಕದ ಮನೆಯ ಹುಡುಗ. ಡೆಬಿಯನ್ನಿನಲ್ಲಿ ಸದಾ ಕಟ್ಟುತ್ತ, ಸದಾ ಮುರಿಯುತ್ತ ಇರುವ ಅಸ್ಥಿರ ಶಾಖೆ. ಅರಸರು ಬಂದು ಹೋಗುತ್ತಾರೆ, ಸಿಡ್ ಮಾತ್ರ ಶಾಶ್ವತ. ಮುಂದೆ ಪಟ್ಟವೇರಲಿರುವವನು ಫೋರ್ಕಿ: ಬಳಸಿ ಬಿಸಾಡುವ ಚಮಚದಿಂದ ಮಾಡಿದ, ತಾನು ಕಸವೆಂದೇ ನಂಬಿ ಅವಕಾಶ ಸಿಕ್ಕಾಗಲೆಲ್ಲ ಕಸದ ಬುಟ್ಟಿಗೆ ಹಾರುವ ಗೊಂಬೆ. ಆ ಹೆಸರಿನ ವ್ಯವಸ್ಥೆಗೆ ತಮ್ಮ ಮದುವೆಯ ಫೋಟೋಗಳನ್ನು ಒಪ್ಪಿಸುವವರ ಶ್ರದ್ಧೆಯ ಬಗ್ಗೆ ಪ್ರತ್ಯೇಕ ಪ್ರಬಂಧವೇ ಬೇಕಾದೀತು.

ಕಾಲನಿರ್ಣಯ ಪ್ರಕರಣ

ಟ್ರಿಕ್ಸಿಯ ಅವತಾರ 2025ರ ಆಗಸ್ಟ್ 9, ಶನಿವಾರ. 2 ವರ್ಷ, 1 ತಿಂಗಳು, 30 ದಿನಗಳ ಕೆಲಸದ ಫಲವೆಂದು ಯೋಜನೆಯವರೇ ಘೋಷಿಸಿದರು. ಎರಡು ವರ್ಷ ಎರಡು ತಿಂಗಳು ಎಂದು ಒಂದು ದಿನ ಸೇರಿಸಿ ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಹೇಳಲಿಲ್ಲ. ಸರ್ಕಾರಿ ಸೇತುವೆಯ ಫಲಕದಲ್ಲಿ ಕಾಮಗಾರಿಯ ಅವಧಿಯನ್ನು ಓದಿ ಬೆಳೆದ ನಮಗೆ ಈ ನಿಷ್ಠುರತೆ ಒಗ್ಗುವುದು ಕಷ್ಟ.

ಆ ದಿನ ಯಾವುದೆಂದು ಪಂಚಾಂಗ ತೆರೆದರೆ ಮೈ ಜುಂ ಎನ್ನುತ್ತದೆ. ಶ್ರಾವಣ ಹುಣ್ಣಿಮೆ, ನಮ್ಮ ನೂಲು ಹುಣ್ಣಿಮೆ. ಯಜುರ್ವೇದಿಗಳು ಜನಿವಾರ ಬದಲಿಸುವ ದಿನ. ಈ ವಿಧಿಯ ಮರ್ಮ ಬಲ್ಲವರಿಗೆ ಗೊತ್ತು: ಮೊದಲು ಹೊಸದನ್ನು ಧರಿಸಿ, ಆಮೇಲೆಯೇ ಹಳೆಯದನ್ನು ತೆಗೆಯಬೇಕು. ನಡುವೆ ಒಂದು ಕ್ಷಣವೂ ಬರಿಮೈ ಸಲ್ಲದು. ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ವಿಷಯದಲ್ಲಿ ಡೆಬಿಯನ್ನಿನ ಕ್ರಮವೂ ಅಕ್ಷರಶಃ ಇದೇ. ಹೊಸ ಕರ್ನಲ್ ಬಂದು ಕೂರುತ್ತದೆ, ಹಳೆಯದು ಜೊತೆಗೇ ಇರುತ್ತದೆ, ಹೊಸದು ಎದ್ದು ನಿಂತಿತೆಂದು ಖಾತ್ರಿಯಾದ ಮೇಲೆ ಆಟೋರಿಮೂವ್ ಮಂತ್ರದಿಂದ ಹಳೆಯದರ ವಿಸರ್ಜನೆ. ವೈದಿಕ ಋಷಿಗಳಿಗೆ ಪ್ಯಾಕೇಜ್ ನಿರ್ವಹಣೆ ತಿಳಿದಿತ್ತೆಂಬುದಕ್ಕೆ ಇನ್ನು ಬೇರೆ ಸಾಕ್ಷ್ಯ ಬೇಕಿಲ್ಲವೆಂದು ಒಂದು ವರ್ಗದ ವಿದ್ವಾಂಸರು ಈಗಾಗಲೇ ಭಾಷಣ ಸಿದ್ಧಪಡಿಸಿಕೊಂಡಿರಬಹುದು. ಅವರ ಉತ್ಸಾಹಕ್ಕೆ ತಣ್ಣೀರೆರಚುವ ಸಂಗತಿಯೆಂದರೆ, ಹಿಂದಿನ ಬುಕ್‌ವರ್ಮ್ ಬಿಡುಗಡೆಯಾದದ್ದು 2023ರ ಜೂನ್ 10ರಂದು. ಅಂದು ಯಾವ ಹಬ್ಬವೂ ಇರಲಿಲ್ಲ.

ಮುಹೂರ್ತವನ್ನು ಇಡುವವರು ಯಾರು? ಯಾರೂ ಅಲ್ಲ ಎಂಬುದೇ ಬಹುಕಾಲದ ಉತ್ತರವಾಗಿತ್ತು. ಸಿದ್ಧವಾದಾಗ ಬರುತ್ತದೆ ಎನ್ನುವುದು ಅಲ್ಲಿನ ಸಂಪ್ರದಾಯ. 2002ರ ಜುಲೈನಲ್ಲಿ ವುಡಿ ಬಂದ ಮೇಲೆ ಸಾರ್ಜ್ ಬರಲು 2005ರ ಜೂನ್ ಆಗಬೇಕಾಯಿತು. ಆ ಪ್ರತೀಕ್ಷಾಯುಗದಲ್ಲಿ ಹಲವರು ಬೇಸತ್ತು ಬೇರೆ ಮಠ ಸೇರಿದರು. ಉಬುಂಟು ಹುಟ್ಟಿದ್ದೂ ಆ ನಡುವೆಯೇ, 2004ರಲ್ಲಿ, ಡೆಬಿಯನ್ನಿನ ಹಿಟ್ಟಿನಿಂದಲೇ. ಈಗ ಎರಡು ವರ್ಷಕ್ಕೊಂದರಂತೆ ಬರುತ್ತದೆ. ಅದಕ್ಕೆ ಮುನ್ನ ಫ್ರೀಜ್ ಎಂಬ ವ್ರತವಿದೆ. ಮೊದಲು ಮೆದು, ಬಳಿಕ ಗಟ್ಟಿ, ಕೊನೆಗೆ ಪೂರ್ಣ: ಹೀಗೆ ಹಂತ ಹಂತವಾಗಿ ಹೊಸದೇನನ್ನೂ ಒಳಗೆ ಬಿಡದೆ, ಇದ್ದದ್ದರ ದೋಷವನ್ನಷ್ಟೇ ತಿದ್ದುತ್ತ ತಿಂಗಳುಗಟ್ಟಲೆ ಕೂರುತ್ತಾರೆ. ಇದರ ಒಂದು ಫಲವನ್ನು ಇಲ್ಲೇ ಹೇಳಿಬಿಡುವುದು ಪ್ರಾಮಾಣಿಕತೆ. ಟ್ರಿಕ್ಸಿ ತಂದ ಡೆಸ್ಕ್‌ಟಾಪ್ ಕೆ.ಡಿ.ಇ. ಪ್ಲಾಸ್ಮಾ 6.3, ಆದರೆ 6.4 ಜೂನ್‌ನಲ್ಲೇ ಹೊರಬಂದಿತ್ತು. ಅಂದರೆ ಹೊಸ ಡೆಬಿಯನ್ ಹುಟ್ಟುವಾಗಲೇ ಹಳೆಯದು.

ಪಂಥಭೇದ ಪ್ರಕರಣ

ಇಲ್ಲಿಂದಲೇ ಪಂಥಗಳ ಜಗಳ ಶುರು. ಸ್ಟೇಬಲ್ ಎಂಬ ಸ್ಥಿರ ಶಾಖೆಯನ್ನು ಬಿಟ್ಟು ಕದಲದವರನ್ನು ನಾವು ಸ್ಥಾವರ ಪಂಥವೆಂದೂ, ಸಿಡ್‌ನ ಬೆನ್ನು ಹತ್ತಿ ಅಲೆಯುವವರನ್ನು ಜಂಗಮ ಪಂಥವೆಂದೂ ಕರೆಯಬಹುದು. ನಡುವೆ ಟೆಸ್ಟಿಂಗ್ ಎಂಬ ತ್ರಿಶಂಕು ಪಂಥವೊಂದಿದೆ. ಅದರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಜಂಗಮರ ಪೂರ್ವಪಕ್ಷ ಹೀಗಿದೆ: ಎರಡು ವರ್ಷ ಹಳಸಿದ ತಂತ್ರಾಂಶವನ್ನು ತಿನ್ನುವುದು ಏತಕ್ಕೆ? ನಿನ್ನೆ ಬರೆದದ್ದು ಇಂದು ನನ್ನ ತೆರೆಯ ಮೇಲೆ ಬರಬೇಕು. ಬಂದು ಮುರಿದರೆ? ಮುರಿದರೆ ತಿದ್ದುತ್ತೇನೆ, ತಿದ್ದುವುದೇ ಸಾಧನೆ. ಸ್ಥಾವರರ ಉತ್ತರ: ನಾಳೆ ಬೆಳಗ್ಗೆ ವಿದ್ಯುತ್ ಬಿಲ್ಲು ಕಟ್ಟಬೇಕು, ಮಗಳ ಪ್ರಾಜೆಕ್ಟ್ ಪ್ರಿಂಟ್ ಆಗಬೇಕು, ಸಾಧನೆಗೆ ಮೀಸಲಿಟ್ಟ ಸಮಯ ನಮ್ಮಲ್ಲಿಲ್ಲ. ಈ ವಾದದಲ್ಲಿ ಸ್ಥಾವರರದ್ದೇ ಮೇಲುಗೈ ಎಂದು ಪ್ರಬಂಧಕಾರನ ಅಭಿಪ್ರಾಯ. ಸ್ಥಾವರ ಪಂಥದ ದೌರ್ಬಲ್ಯವೆಂದರೆ, ಹೊಸ ಸ್ಟೇಬಲ್ ಬಂದ ಸುದ್ದಿ ಕಿವಿಗೆ ಬಿದ್ದ ಕ್ಷಣ ಅದರ ಕಟ್ಟಾ ಅನುಯಾಯಿಗೂ ಕೈ ತುರಿಸಲು ಆರಂಭವಾಗುತ್ತದೆ. ಹಿಂದಿನ ದಿನದವರೆಗೆ ಹಳೆಯದೇ ಬಂಗಾರ ಎನ್ನುತ್ತಿದ್ದವನು ರಾತ್ರಿ ಹನ್ನೊಂದಕ್ಕೆ ಬಿಡುಗಡೆ ಟಿಪ್ಪಣಿ ಓದುತ್ತ ಕೂತಿರುತ್ತಾನೆ. ಇದು ಯಾವ ಪ್ರಮಾಣಕ್ಕೂ ಸಿಗದ ಮನೋಧರ್ಮ.

ಮತಭೇದ ಮನೆ ಒಡೆದದ್ದೂ ಉಂಟು. ಗಣಕ ಎದ್ದೊಡನೆ ಮೊದಲು ಓಡಬೇಕಾದ ಕ್ರಮವಿಧಿ ಯಾವುದೆಂಬ ಪ್ರಶ್ನೆ 2014ರಲ್ಲಿ ತಾಂತ್ರಿಕ ಸಮಿತಿಯ ಮುಂದೆ ಬಂತು. ಮತಗಳು ಸಮಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಂಡಿ ಗೆದ್ದಿತು. ಒಪ್ಪದವರು ಗಂಟುಮೂಟೆ ಕಟ್ಟಿ ಡೆವುವಾನ್ ಎಂಬ ಬೇರೆ ಪೀಠ ಸ್ಥಾಪಿಸಿದರು. ನಮ್ಮ ಮಠಗಳ ಚರಿತ್ರೆ ಓದಿದವರಿಗೆ ಇದರಲ್ಲಿ ಹೊಸತೇನೂ ಕಾಣಿಸದು. ಕೋರ್ಟಿಗೆ ಹೋಗಲಿಲ್ಲ ಎಂಬುದೊಂದೇ ಆಶ್ಚರ್ಯ.

ಅಲ್ಲಿನ ಮತದಾನ ಪದ್ಧತಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾಗದು. ಡೆಬಿಯನ್ನಿಗೆ ಮಾಲೀಕನಿಲ್ಲ. ಸಾವಿರದ ಆಸುಪಾಸಿನ ಸ್ವಯಂಸೇವಕ ಡೆವಲಪರ್‌ಗಳು ವರ್ಷಕ್ಕೊಮ್ಮೆ ಮುಂದಾಳನ್ನು ಆರಿಸುತ್ತಾರೆ, ದೊಡ್ಡ ತಕರಾರುಗಳನ್ನು ಮತಕ್ಕೆ ಹಾಕುತ್ತಾರೆ. ಬಹುಕಾಲ ಆ ಮತಪತ್ರದಲ್ಲಿ ಇತರ ಆಯ್ಕೆಗಳ ಜೊತೆಗೆ ‘ಇನ್ನಷ್ಟು ಚರ್ಚೆ’ ಎಂಬುದೂ ಅಧಿಕೃತ ಅಭ್ಯರ್ಥಿಯಾಗಿ ನಿಲ್ಲುತ್ತಿತ್ತು. ಎಲ್ಲವನ್ನೂ ಸೋಲಿಸಿ ಚರ್ಚೆ ಗೆಲ್ಲಬಹುದಿತ್ತು. ನಮ್ಮ ಸಂಘ ಸಂಸ್ಥೆಗಳಲ್ಲಿ ಚರ್ಚೆ ಮುಂದುವರಿಯಲು ಮತದ ಹಂಗಿಲ್ಲ, ಅದು ಅವಿರೋಧವಾಗಿಯೇ ಆಯ್ಕೆಯಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಮುಗಿದ ಇಂಥದೊಂದು ಮತದಾನದಿಂದ ಸಾಮಾನ್ಯ ಗೃಹಸ್ಥನಿಗೆ ನಿಜವಾದ ಉಪಕಾರವಾಯಿತು. ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನೊಳಗೇ ಸೇರಿಸಲು ಒಪ್ಪಿಗೆ ಸಿಕ್ಕಿತು. ಅದಕ್ಕೆ ಮೊದಲು ವೈಫೈ ಓಡಿಸುವ ಕಡತವನ್ನು ತರಲು ವೈಫೈ ಬೇಕಾಗುತ್ತಿತ್ತು. ಬೀಜವೃಕ್ಷ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ತರ್ಕಶಾಸ್ತ್ರ ಕೊಟ್ಟಿಲ್ಲ.

ವಿಧಿ ಪ್ರಕರಣ

ಈಗ ಕರ್ಮಕಾಂಡ. ಸೋರ್ಸಸ್ ಲಿಸ್ಟ್ ಎಂಬ ಶಾಸನದಿಂದ ಆರಂಭಿಸಬೇಕು. ಎಟ್ಸೆಟ್ರಾ ಎಂಬ ಕಡತಕೋಶದೊಳಗೆ ಆಪ್ಟ್ ಎಂಬ ಗರ್ಭಗೃಹದಲ್ಲಿ ಇದು ಸಿಗುತ್ತದೆ. ತಂತ್ರಾಂಶ ಯಾವ ಭಂಡಾರದಿಂದ ಬರಬೇಕೆಂದು ಇಲ್ಲಿ ಕೆತ್ತಿರುತ್ತದೆ. ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆಯಿದ್ದರೆ ಆ ಸಾಲು ಇದ್ದೂ ಇಲ್ಲದ್ದು. ಅಂಥ ಸಾಲುಗಳೇ ಹೆಚ್ಚಿರುತ್ತವೆ. ಯಾರು ಯಾವಾಗ ಯಾಕೆ ಹ್ಯಾಶ್ ಹಾಕಿದರೆಂಬುದು ಶಾಸನದಲ್ಲಿ ಇಲ್ಲ. ನಡುನಡುವೆ ಪ್ರಕ್ಷಿಪ್ತ ಭಾಗಗಳೂ ಸಿಗುತ್ತವೆ: ಎಂದೋ ಒಂದು ವಿಡಿಯೋ ಪರಿವರ್ತಕಕ್ಕಾಗಿ ಸೇರಿಸಿದ ಹೊರಗಿನ ಭಂಡಾರ, ಈಗ ಆ ತಂತ್ರಾಂಶವೂ ಇಲ್ಲ, ಭಂಡಾರವೂ ಇಲ್ಲ, ಸಾಲು ಮಾತ್ರ ಉಳಿದಿದೆ. ದಾಟುವ ಮುನ್ನ ಹೊರಗಿನವನ್ನೆಲ್ಲ ಕಿತ್ತುಹಾಕಿ, ಉಳಿದ ಕಡೆ ಬುಕ್‌ವರ್ಮ್ ಎಂದಿರುವಲ್ಲೆಲ್ಲ ಟ್ರಿಕ್ಸಿ ಎಂದು ತಿದ್ದಬೇಕು. ಇಡೀ ವ್ಯವಸ್ಥೆಯ ಪಟ್ಟಾಭಿಷೇಕ ನಡೆಯುವುದು ಈ ಒಂದು ಪದಪಲ್ಲಟದಲ್ಲಿ. ಕಲ್ಲಿನ ಶಾಸನದಲ್ಲಿ ಇಷ್ಟು ಸಲೀಸಾಗಿ ಅರಸನ ಹೆಸರು ತಿದ್ದುವಂತಿದ್ದರೆ ನಮ್ಮ ಇತಿಹಾಸಕಾರರ ಜಗಳಗಳು ಇನ್ನೂ ನೂರುಪಟ್ಟು ಆಗಿರುತ್ತಿದ್ದವು.

ಬಿಡುಗಡೆ ಟಿಪ್ಪಣಿಯೇ ಇಲ್ಲಿ ಸ್ಮೃತಿಗ್ರಂಥ. ಬುಕ್‌ವರ್ಮ್ ಅಲ್ಲದೆ ಅದಕ್ಕಿಂತ ಹಿಂದಿನ ಆವೃತ್ತಿಯಿಂದ ಒಮ್ಮೆಲೇ ಹಾರಬಾರದು, ಒಂದೊಂದೇ ಮೆಟ್ಟಿಲು. ಬೂಟ್ ವಿಭಾಗ 768 ಎಂ.ಬಿ. ಇರಬೇಕು, ಅದರಲ್ಲಿ ಸುಮಾರು 300 ಎಂ.ಬಿ. ಖಾಲಿ ಇರಬೇಕು. ಹಿಂದೊಮ್ಮೆ ಇನ್‌ಸ್ಟಾಲರ್ ಕೊಟ್ಟಷ್ಟು ಸಾಕೆಂದು ಕಣ್ಣುಮುಚ್ಚಿ ಎಂಟರ್ ಒತ್ತಿದವರು ಇಲ್ಲಿ ಪೂರ್ವಕರ್ಮದ ಫಲವನ್ನು ಉಣ್ಣುತ್ತಾರೆ. ಎಲ್ಲಕ್ಕಿಂತ ಮೊದಲು ಬ್ಯಾಕಪ್ ಎಂದು ಸ್ಮೃತಿ ಹೇಳುತ್ತದೆ. ಸ್ಮೃತಿಗಳ ಎಲ್ಲ ವಿಧಿಗಳಂತೆ ಇದನ್ನೂ ಎಲ್ಲರೂ ಗೌರವಿಸುತ್ತಾರೆ.

ಆಮೇಲೆ, ಪ್ಯಾಕೇಜುಗಳನ್ನು ನಿರ್ವಹಿಸುವ ಆಪ್ಟ್ ಎಂಬ ಸಾಧನಕ್ಕೆ ಮೂರು ಮಂತ್ರಗಳು. ಆಪ್ಟ್ ಅಪ್‌ಡೇಟ್ ಎಂದರೆ ಪಟ್ಟಿ ಬರುತ್ತದೆ. ಹೊಸ ಪ್ಯಾಕೇಜುಗಳನ್ನು ಸೇರಿಸದೆ ನಡೆಸುವ ಅಲ್ಪ ಅಪ್‌ಗ್ರೇಡ್ ಎರಡನೆಯದು. ಮೂರನೆಯದು ಫುಲ್-ಅಪ್‌ಗ್ರೇಡ್. ಇದನ್ನು ಹೇಳಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ನೂರಾರು ಹೆಸರುಗಳ ಸಾಲು ತೆರೆಯ ಮೇಲೆ ಹಾದು, ಇಷ್ಟು ಎಂ.ಬಿ. ಇಳಿಸಬೇಕು, ಮುಂದುವರಿಯಲೇ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ‘ವೈ’ ಒತ್ತುವ ಮುನ್ನ ಸಾಧಕನು ಒಮ್ಮೆ ಚಾರ್ಜರ್‌ನ ಪಿನ್ನನ್ನು, ಇನ್ನೊಮ್ಮೆ ತಲೆಯ ಮೇಲಿನ ಫ್ಯಾನನ್ನು ನೋಡುವುದು ವಾಡಿಕೆ. ಫ್ಯಾನು ತಿರುಗುತ್ತಿದ್ದರೆ ಕರೆಂಟಿದೆ.

ಮೊದಲ ವಿಘ್ನ ಹೀಗೆ ಬರುತ್ತದೆ. ಸಾಲುಗಳ ಓಟ ಥಟ್ಟನೆ ನಿಂತು ತೆರೆಯ ತುಂಬ ಇಂಗ್ಲಿಷ್ ಗದ್ಯ ಕಾಣಿಸಿಕೊಳ್ಳುತ್ತದೆ. ಇದು ಬದಲಾವಣೆಗಳ ವಾರ್ತಾಪತ್ರ. ಓದಿ ಮುಗಿಸಿ ‘ಕ್ಯೂ’ ಅಕ್ಷರ ಒತ್ತಿದರೆ ಮುಂದೆ ಸಾಗುತ್ತದೆ. ಒತ್ತಬೇಕೆಂದು ತಿಳಿಯದವನು ಗಣಕ ಕೆಲಸ ಮಾಡುತ್ತಿದೆಯೆಂದು ಭಾವಿಸಿ ಕಾಯುತ್ತಾನೆ. ಸಾಧಕ ಓದುತ್ತಿದ್ದಾನೆಂದು ಭಾವಿಸಿ ಗಣಕವೂ ಕಾಯುತ್ತದೆ. ಊಟ ಮುಗಿಸಿ ಬಂದರೂ ಇಬ್ಬರೂ ಅದೇ ಭಂಗಿಯಲ್ಲಿರುತ್ತಾರೆ.

ಎರಡನೆಯದೇ ನಿಜವಾದ ಧರ್ಮಸಂಕಟ. ಒಂದು ಕಾನ್‌ಫಿಗರೇಷನ್ ಕಡತದ ಹೆಸರು ಹೇಳಿ ವ್ಯವಸ್ಥೆ ಕೇಳುತ್ತದೆ: ಇದು ಸ್ಥಾಪನೆಯಾದ ಮೇಲೆ ಬದಲಾಗಿದೆ, ನೀವೇ ಬದಲಿಸಿದಿರೋ ಅಥವಾ ಯಾವುದೋ ಸ್ಕ್ರಿಪ್ಟು ಬದಲಿಸಿತೋ; ಪ್ಯಾಕೇಜಿನವರು ಹೊಸ ಪ್ರತಿ ಕಳಿಸಿದ್ದಾರೆ; ಏನು ಮಾಡಲಿ? ‘ವೈ’ ಒತ್ತಿದರೆ ಅವರದು. ‘ಎನ್’ ಒತ್ತಿದರೆ ನಿಮ್ಮದು. ‘ಡಿ’ ಒತ್ತಿದರೆ ಎರಡರ ವ್ಯತ್ಯಾಸ. ‘ಝಡ್’ ಒತ್ತಿದರೆ ಶೆಲ್ಲು ತೆರೆದುಕೊಳ್ಳುತ್ತದೆ, ನೀವೇ ಪರೀಕ್ಷೆ ಮಾಡಿಕೊಳ್ಳಿ ಎಂದು. ಮನುಷ್ಯನಿಗೆ ಇಷ್ಟು ವಿನಯದಿಂದ, ಇಷ್ಟು ಕಡಿಮೆ ಮಾಹಿತಿ ಕೊಟ್ಟು, ಇಷ್ಟು ದೊಡ್ಡ ತೀರ್ಮಾನ ಬಿಟ್ಟುಕೊಟ್ಟ ವ್ಯವಸ್ಥೆ ಇನ್ನೊಂದಿಲ್ಲ. ಸಾಧಕನು ಮೊದಲು ‘ಡಿ’ ಒತ್ತುತ್ತಾನೆ. ಕೂಡು ಕಳೆ ಚಿಹ್ನೆಗಳ ಪುಟಗಳು ಬರುತ್ತವೆ. ಅರ್ಥವಾದವನಂತೆ ತಲೆದೂಗುತ್ತಾನೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ತಲೆದೂಗುತ್ತಾನೆ. ಆ ಸಾಲನ್ನು ಮೂರು ವರ್ಷದ ಹಿಂದೆ ತಾನೇ ಯಾವುದೋ ಸ್ಪೀಕರಿನ ಗೊರಗೊರ ನಿಲ್ಲಿಸಲು ಬರೆದದ್ದೆಂದು ಮಸುಕಾಗಿ ನೆನಪಾಗುತ್ತದೆ. ಸ್ಪೀಕರು ಈಗ ಮನೆಯಲ್ಲಿಲ್ಲ. ಆದರೂ ‘ಎನ್’ ಒತ್ತುತ್ತಾನೆ.

ಇಲ್ಲಿ ಟೀಕಾಕಾರರು ಗಮನಿಸದ ಸೂಕ್ಷ್ಮವೊಂದಿದೆ. ಏನನ್ನೂ ಆರಿಸದೆ ಬರೀ ಎಂಟರ್ ಒತ್ತಿದರೂ ಉಳಿಯುವುದು ‘ಎನ್’, ಅಂದರೆ ಬಳಕೆದಾರನದ್ದೇ ಪ್ರತಿ. ಹೊಸದನ್ನು ಎಸೆಯುವುದೂ ಇಲ್ಲ. ಡಿಪಿಕೆಜಿ-ಡಿಸ್ಟ್ ಎಂಬ ಬಾಲ ಹಚ್ಚಿ ಪಕ್ಕದಲ್ಲಿ ಇಡುತ್ತದೆ. ಅವರದ್ದನ್ನು ಆರಿಸಿದರೆ ನಿಮ್ಮದು ಡಿಪಿಕೆಜಿ-ಓಲ್ಡ್ ಆಗಿ ಉಳಿಯುತ್ತದೆ. ನಡುರಾತ್ರಿ ಕೇಳದೆಯೇ ತನ್ನನ್ನು ತಾನು ಬದಲಿಸಿಕೊಂಡು, ಬೆಳಗ್ಗೆ ಎದ್ದರೆ ಗುಂಡಿಗಳ ಜಾಗವನ್ನೇ ಪಲ್ಲಟ ಮಾಡಿರುವ ವ್ಯವಸ್ಥೆಗಳನ್ನು ಕಂಡವರಿಗೆ ಈ ಸೌಜನ್ಯದ ಬೆಲೆ ತಿಳಿಯುತ್ತದೆ. ಅಣಕದ ನಡುವೆ ಹೊಗಳಿಕೆ ನುಸುಳಿದ್ದಕ್ಕೆ ಓದುಗರು ಕ್ಷಮಿಸಬೇಕು. ಇದೊಂದು ಕಡೆ ಪ್ರಬಂಧಕಾರನಿಗೆ ನಗು ಬರುವುದಿಲ್ಲ.

ಕೊನೆಯ ವಿಘ್ನ ಮ್ಯಾನ್-ಡಿಬಿ. ಎಲ್ಲ ಮುಗಿಯಿತು ಎನ್ನುವಾಗ ಕೈಪಿಡಿಗಳ ಸೂಚಿಯನ್ನು ಹೊಸದಾಗಿ ಕಟ್ಟುತ್ತೇನೆಂದು ಇದು ಕೂರುತ್ತದೆ. ಯಾರೂ ತೆರೆಯದ ಕೈಪಿಡಿಗಳಿಗೆ ಇಷ್ಟು ಶ್ರದ್ಧೆಯಿಂದ ಸೂಚಿ ಕಟ್ಟುವುದನ್ನು ನೋಡಿದಾಗ ವಿಶ್ವವಿದ್ಯಾಲಯದ ಗ್ರಂಥಾಲಯ ವಿಭಾಗದ ಮೇಲೆ ಗೌರವ ಹೆಚ್ಚುತ್ತದೆ.

ಕಾಲಜ್ಞಾನ ಪ್ರಕರಣ

ಟ್ರಿಕ್ಸಿಯ ಅತಿ ದೊಡ್ಡ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ. ಯೂನಿಕ್ಸ್ ಸಂತತಿಯ ಗಣಕಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತವೆ. ಆ ಎಣಿಕೆಯನ್ನು 32 ಬಿಟ್‌ಗಳಲ್ಲಿ ಇಟ್ಟರೆ 2,147,483,647 ಸೆಕೆಂಡಿಗೆ ಪಾತ್ರೆ ತುಂಬುತ್ತದೆ. ನಮ್ಮ ಗಡಿಯಾರದಲ್ಲಿ ಅದು 2038ರ ಜನವರಿ 19, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡು. ಮರುಕ್ಷಣ ಅಂಥ ಗಣಕಗಳು 1901ರ ಡಿಸೆಂಬರ್‌ಗೆ ಜಾರುತ್ತವೆ. ಆ ದಿನ ಮಂಗಳವಾರ. ರಾಹುಕಾಲ ಮಧ್ಯಾಹ್ನ 3ರ ಮೇಲೆ. ಯಮಗಂಡ 9ಕ್ಕೆ, ಅಂದರೆ ಇನ್ನೂ ಹದಿನಾರು ನಿಮಿಷ ಬಾಕಿ ಇರುತ್ತದೆ. ಆದ್ದರಿಂದ ಈ ಅವಘಡಕ್ಕೂ ಗ್ರಹಗಳಿಗೂ ಸಂಬಂಧವಿಲ್ಲ, ಪೂರ್ತಿ ಮನುಷ್ಯಕೃತ. ಡೆಬಿಯನ್ನಿನ ಮಂದಿ ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಿ ಕಾಲದ ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿದರು. ಹಳೆಯ 32 ಬಿಟ್ ಪಿ.ಸಿ.ಗಳಿಗೆ ಮಾತ್ರ ಈ ಭಾಗ್ಯವಿಲ್ಲ. ಅವಕ್ಕೆ ಟ್ರಿಕ್ಸಿಯಲ್ಲಿ ಸ್ವತಂತ್ರ ಇನ್‌ಸ್ಟಾಲರ್ ಕೂಡ ಇಲ್ಲ. ಅಟ್ಟದ ಮೇಲಿರುವ ಹಳೆಯ ಡೆಸ್ಕ್‌ಟಾಪನ್ನು ಇಳಿಸುವ ಆಸೆಯುಳ್ಳವರು ಅಲ್ಲಿಯೇ ಬಿಡುವುದು ಲೇಸು.

ಇನ್ನೊಂದು ಬದಲಾವಣೆ ಗೃಹಸ್ಥರ ಬುಡಕ್ಕೇ ಬರುತ್ತದೆ. ಟೆಂಪ್ ಎಂಬ ತಾತ್ಕಾಲಿಕ ಕೋಶ ಇನ್ನು ಮುಂದೆ ಡಿಸ್ಕಿನ ಬದಲು ಮೆಮೊರಿಯಲ್ಲಿ ವಾಸಿಸುತ್ತದೆ. ಗಣಕ ಆರಿಸಿದರೆ ಒಳಗಿದ್ದದ್ದು ಮಾಯ. ತಾತ್ಕಾಲಿಕ ಎಂಬುದನ್ನು ನಂಬಿ ಅಲ್ಲಿ ಏನನ್ನೂ ಇಡದವರಿಗೆ ಚಿಂತೆಯಿಲ್ಲ. ಆದರೆ ತಾತ್ಕಾಲಿಕ ಹುದ್ದೆಯಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತರಾಗುವ ನಾಡಿನಲ್ಲಿ, ಅದೇ ಕೋಶದಲ್ಲಿ ಆಧಾರ್ ಪ್ರತಿ, ಸೈಟಿನ ಕ್ರಯಪತ್ರ ಇಟ್ಟವರು ಇರುತ್ತಾರೆ. ಅವರು ಈ ಸಾಲನ್ನು ಎರಡು ಸಲ ಓದತಕ್ಕದ್ದು.

ಕನ್ನಡ ಪ್ರಕರಣ

ಡೆಬಿಯನ್ ಇನ್‌ಸ್ಟಾಲರಿನ ಭಾಷಾಪಟ್ಟಿಯಲ್ಲಿ ಕನ್ನಡವಿದೆ. ಡಿಸ್ಕನ್ನು ಪೂರ್ತಿ ಅಳಿಸಲೇ ಎಂಬ ಪ್ರಶ್ನೆಯನ್ನು ತಾಯ್ನುಡಿಯಲ್ಲಿ ಕೇಳಿಸಿಕೊಂಡಾಗ ಆಗುವ ಭಯದಲ್ಲಿ ಒಂದು ಆತ್ಮೀಯತೆಯಿರುತ್ತದೆ. ಭಂಡಾರದಲ್ಲಿ ಗುಬ್ಬಿ, ನವಿಲು ಎಂಬೆರಡು ಕನ್ನಡ ಫಾಂಟುಗಳಿವೆ. ನವಿಲು ಕೈಬರಹದ ಮಾದರಿಯದು. ಕೀಲಿಮಣೆಯಲ್ಲಿ ಕಗಪ ವಿನ್ಯಾಸ ಸಿಗುತ್ತದೆ, ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸದ ವಂಶಸ್ಥ. ಡೆಬಿಯನ್ನಿನವರ ವಾರ್ಷಿಕ ಮೇಳ ಭಾರತಕ್ಕೆ ಮೊದಲ ಬಾರಿ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ, ಪಕ್ಕದ ಕೊಚ್ಚಿಗೆ. ಐಟಿ ರಾಜಧಾನಿಯೆಂದು ಬೀಗುವ ಬೆಂಗಳೂರು ಅದರ ಬಗ್ಗೆ ಮಾತಾಡದಿರುವುದೇ ಮರ್ಯಾದೆ.

ಹೊಸ ಆವೃತ್ತಿಯಲ್ಲಿ ಕನ್ನಡದ ಅಗ್ನಿಪರೀಕ್ಷೆ ಹಳೆಯ ಕಡತ ತೆರೆಯುವುದರಲ್ಲಿದೆ. ಯೂನಿಕೋಡ್ ಬರುವ ಮುಂಚೆ, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಒತ್ತು, ಕೊಂಬು, ತಲೆಕಟ್ಟುಗಳನ್ನು ಬಿಡಿಬಿಡಿಯಾಗಿ ಕೂರಿಸಿ ಮಾಡಿದ ಫಾಂಟುಗಳಲ್ಲಿ ನಾಡಿನ ಅರ್ಧ ಸಾಹಿತ್ಯ, ಮುಕ್ಕಾಲು ಸರ್ಕಾರಿ ಸುತ್ತೋಲೆ ಟೈಪಾಗಿದೆ. ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಮೇಲೆ ಕೆಳಗೆ ಚುಕ್ಕಿ ಗೀಟು ಹೊತ್ತ ಐರೋಪ್ಯ ಅಕ್ಷರಗಳ ಜಾತ್ರೆ. ಇಂಥದೊಂದು ಕಡತವನ್ನು, ಅಜ್ಜನ ಆತ್ಮಕಥೆಯ ಮೂರನೆಯ ಅಧ್ಯಾಯವನ್ನು, ಸಂಕ್ರಮಣದ ಮೊದಲೂ ಆಮೇಲೂ ತೆರೆದು ಹೋಲಿಸಲಾಯಿತು. ಬುಕ್‌ವರ್ಮ್‌ನಲ್ಲಿ ಯಾವ ಗೊಜ್ಜು ಕಂಡಿತ್ತೋ ಟ್ರಿಕ್ಸಿಯಲ್ಲೂ ಅದೇ ಗೊಜ್ಜು, ಒಂದು ಚುಕ್ಕಿಯೂ ಆಚೀಚೆಯಿಲ್ಲ. ಸ್ಥಿರತೆಗೆ ಇದಕ್ಕಿಂತ ಖಚಿತ ಪ್ರಮಾಣ ಸಿಕ್ಕುವುದಿಲ್ಲ. ತಪ್ಪು ಡೆಬಿಯನ್ನಿನದಲ್ಲ, ನಾವು ನಮ್ಮ ಬರಹವನ್ನು ಪರಿವರ್ತಿಸಿಕೊಳ್ಳದೆ ಇಟ್ಟುಕೊಂಡದ್ದರದು.

ಗೋ ಪ್ರಕರಣ

ಆಪ್ಟ್ ಮೂ ಎಂದು ಟೈಪು ಮಾಡಿದರೆ ತೆರೆಯ ಮೇಲೆ ಅಕ್ಷರಗಳಲ್ಲಿ ಬರೆದ ಹಸುವೊಂದು ಬಂದು, ನೀವು ಇಂದು ಅಂಬಾ ಎಂದಿರಾ ಎಂದು ಕೇಳುತ್ತದೆ. ಇದರ ತಾತ್ಪರ್ಯ ವಿದ್ವಾಂಸರಿಗೆ ಸಿಕ್ಕಿಲ್ಲ.

ಫಲಶ್ರುತಿ

ಈಗ ಆರಂಭದಲ್ಲಿ ಬಾಕಿ ಇರಿಸಿದ್ದ ಪ್ರಯೋಜನ. ಟ್ರಿಕ್ಸಿಯ ಭಂಡಾರದಲ್ಲಿ 69,830 ಪ್ಯಾಕೇಜುಗಳಿವೆ. 14,100ಕ್ಕೂ ಹೆಚ್ಚು ಹೊಸತು, 8,840ಕ್ಕೂ ಹೆಚ್ಚು ಬಳಕೆತಪ್ಪಿ ಹೊರಹೋದವು. ಕರ್ನಲ್ 6.1ರಿಂದ 6.12ಕ್ಕೆ, ಗ್ನೋಮ್ ಡೆಸ್ಕ್‌ಟಾಪ್ 43ರಿಂದ 48ಕ್ಕೆ ಏರಿತು. ಇಷ್ಟೆಲ್ಲ ಆದ ಮೇಲೆ ಗಣಕ ಮತ್ತೆ ಎದ್ದಾಗ ಗೃಹಸ್ಥನು ಕಾಣುವುದೇನು? ಹಿನ್ನೆಲೆಯ ಚಿತ್ರ ಬೇರೆ. ಆಪ್ಟ್ ಈಗ ಸೇರುವ ಪ್ಯಾಕೇಜುಗಳನ್ನು ಹಸಿರಿನಲ್ಲಿ, ತೆಗೆಯುವವನ್ನು ಕೆಂಪಿನಲ್ಲಿ ಬರೆಯುತ್ತದೆ. ಬ್ರೌಸರ್ ತೆರೆಯುತ್ತದೆ, ಹಿಂದೆಯೂ ತೆರೆಯುತ್ತಿತ್ತು. ಮನೆಯವರು ಅಡುಗೆಮನೆಯಿಂದ ಬಂದು ಕೇಳುವ ಪ್ರಶ್ನೆ ಒಂದೇ: ಪ್ರಿಂಟರ್ ಕೆಲಸ ಮಾಡುತ್ತಾ? ಮಾಡುತ್ತದೆ. ಹಾಗಾದರೆ ಇಷ್ಟು ಹೊತ್ತು ಏನು ಮಾಡಿದಿರಿ?

ಈ ಪ್ರಶ್ನೆಗೆ ಸಾಧಕರಲ್ಲಿ ಯಾರೂ ಇದುವರೆಗೆ ಸಮರ್ಪಕ ಉತ್ತರ ಕೊಟ್ಟಿಲ್ಲ. ಪ್ರಬಂಧಕಾರನ ಸಿದ್ಧಾಂತ ಇದು: ಎರಡು ವರ್ಷ ಸಂಬಳವಿಲ್ಲದೆ ಜಗಳವಾಡಿ, ಮತ ಹಾಕಿ, ದೋಷ ತಿದ್ದಿ, ಕಾಲದ ಪಾತ್ರೆಯನ್ನೇ ಹಿಗ್ಗಿಸಿದವರೆಲ್ಲ ದುಡಿದದ್ದು ಮನೆಯವರಿಗೆ ಏನೂ ಬದಲಾಗಿಲ್ಲವೆನಿಸಲಿ ಎಂದೇ. ಪ್ರಿಂಟರ್ ನಿಂತಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಜಂಗಮ ಪಂಥದವರು ಇದನ್ನು ಒಪ್ಪುವುದಿಲ್ಲ. ಅವರ ಪ್ರಿಂಟರ್ ಸದ್ಯ ಕೆಲಸ ಮಾಡುತ್ತಿಲ್ಲವಾದ್ದರಿಂದ ಖಂಡನ ಪ್ರಬಂಧ ಅಚ್ಚಾಗಿ ಬರಲು ತಡವಾದೀತು.

ಇನ್ನೂ ದಾಟದವರಿಗೆ ಅವಸರವೇನಿಲ್ಲ. ಬುಕ್‌ವರ್ಮ್‌ಗೆ ದೀರ್ಘಾವಧಿ ಬೆಂಬಲ 2028ರ ಜೂನ್ 30ರವರೆಗೆ ಉಂಟು, ಟ್ರಿಕ್ಸಿಗೆ 2030ರ ಜೂನ್ 30ರವರೆಗೆ. ದಾಟುವ ಸಂಜೆ ಮೊದಲು ಬ್ಯಾಕಪ್ ಮಾಡಿಕೊಳ್ಳಿ, ಮಾಡಿಕೊಂಡದ್ದು ತೆರೆಯುತ್ತದೆಯೇ ಎಂದು ಒಮ್ಮೆ ತೆರೆದು ನೋಡಿ.